ಹತ್ತನೇ ಕ್ಲಾಸಿಗೆ ಮೂರನೇ ಕ್ಲಾಸಿನ ಕಳೆಯುವ ಲೆಕ್ಕ

"ಹತ್ತನೇ ಕ್ಲಾಸಿನವರಿಗೆ ಕಳೆಯೋದು, ಮಗ್ಗಿ ಹೇಳಿಕೊಡ್ತಾ ಕೂತರೆ ಪೋರ್ಷನ್ ಮುಗಿಸೋದು ಯಾವಾಗ ಸರ್?"

2016ರ ಜೂನ್‌ನಲ್ಲಿ ಸ್ಟಾಫ್ ರೂಮಿನಲ್ಲಿ ನನಗೆ ಬಿದ್ದ ಪ್ರಶ್ನೆ ಇದು. ಒಬ್ಬರಲ್ಲ, ಎಲ್ಲರೂ ಕೇಳಿದರು. ನಾನು 2019ರಲ್ಲಿ ನಿವೃತ್ತನಾದೆ. ಕೊನೆಯ ಮೂರು ಬ್ಯಾಚನ್ನು ಇದೇ ದಾರಿಯಲ್ಲಿ ನಡೆಸಿದೆ, ಮೂರೂ ದಡ ಸೇರಿದವು. ಅಂದು ಕೇಳಿದವರಲ್ಲೇ ಇಬ್ಬರು ಈಗ ಫೋನ್ ಮಾಡಿ "ಹೇಗೆ ಮಾಡಿದ್ರಿ, ಬರೆದು ಕೊಡಿ ಸರ್" ಅಂತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲು. ಹತ್ತನೇ ಕ್ಲಾಸಿನಲ್ಲಿ ಐವತ್ತು ಚಿಲ್ಲರೆ ಮಕ್ಕಳು, ಗಣಿತಕ್ಕೆ ನಾನೊಬ್ಬನೇ. ಪ್ರತಿ ವರ್ಷ ಹದಿನೆಂಟು ಇಪ್ಪತ್ತು ಮಕ್ಕಳು ಫೇಲು, ಹೆಚ್ಚುಕಮ್ಮಿ ಎಲ್ಲರೂ ಗಣಿತದಲ್ಲೇ. ಫಲಿತಾಂಶ ಬಂದ ಮೇಲೆ ಕಾರಣ ಕೇಳಿ ನೋಟಿಸ್ ಬರುತ್ತಿತ್ತು. "ಮಕ್ಕಳ ಅನಿಯಮಿತ ಹಾಜರಾತಿ, ಪೋಷಕರ ಅನಕ್ಷರತೆ" ಅಂತ ಉತ್ತರ ಬರೆದು ಕಳಿಸುತ್ತಿದ್ದೆ. ನಾಲ್ಕು ವರ್ಷ ಅದೇ ಸಾಲು ಬರೆದಿದ್ದೇನೆ. ಅದು ಸುಳ್ಳಲ್ಲ, ಆದರೆ ಕಾರಣ ಅದಾಗಿರಲಿಲ್ಲ.

ಮೊದಲು ಸೋತದ್ದನ್ನು ಹೇಳುತ್ತೇನೆ. ನಾನೂ ಎಲ್ಲರ ಹಾಗೆ ಪಾಸಿಂಗ್ ಪ್ಯಾಕೇಜ್ ಹಿಡಿದೆ. ಆಗ ಬರವಣಿಗೆಯಲ್ಲಿ 80ಕ್ಕೆ 28 ಬಂದರೆ ಸಾಕಿತ್ತು, ಪ್ರಮೇಯ, ರಚನೆ, ನಕ್ಷೆ ಇಷ್ಟು ಉರು ಹೊಡೆಸಿದರೆ ಹುಡುಗ ಪಾಸು ಅನ್ನೋ ಲೆಕ್ಕ. ಜೆರಾಕ್ಸಿಗೇ ಮೂರು ಸಾವಿರದ ಹತ್ತಿರ ಕೈಯಿಂದ ಹಾಕಿದೆ. ಮಕ್ಕಳು ಥೇಲ್ಸ್ ಪ್ರಮೇಯವನ್ನು ಮಂತ್ರದ ಹಾಗೆ ಹೇಳುತ್ತಿದ್ದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ತ್ರಿಭುಜ ಎಬಿಸಿ ಬದಲು ಪಿಕ್ಯೂಆರ್ ಅಂತ ಕೊಟ್ಟೆ ನೋಡಿ, ಅಲ್ಲಿಗೆ ಮುಗಿಯಿತು. ಒಬ್ಬ ಹುಡುಗಿ ಪ್ರಶ್ನೆಯಲ್ಲಿದ್ದ ಪಿಕ್ಯೂಆರ್ ಬಿಟ್ಟು ತನಗೆ ಗೊತ್ತಿದ್ದ ಎಬಿಸಿ ಚಿತ್ರವನ್ನೇ ಬರೆದು ಇಟ್ಟಿದ್ದಳು. ಆ ವರ್ಷ ಇಪ್ಪತ್ತೊಂದು ಜನ ಹೋದರು.

ಮರುವರ್ಷ ಸಂಜೆ ತರಗತಿ. ಐದರಿಂದ ಆರೂವರೆ. ಕೊನೆಯ ಬಸ್ಸು ಐದೂಕಾಲಿಗೆ. ಪಕ್ಕದ ಹಳ್ಳಿಗಳ ಹೆಣ್ಣುಮಕ್ಕಳು ಬಸ್ಸಿಗೆ ಓಡಿದರೆ ಕೂರೋದು ಊರಿನ ಹುಡುಗರು ಮಾತ್ರ. ಹೊಟ್ಟೆ ಹಸಿದವರಿಗೆ ಲೆಕ್ಕ ಹತ್ತಲ್ಲ ಅಂತ ದಿನಾ ಮಂಡಕ್ಕಿ, ಬಿಸ್ಕತ್ತು ತರಿಸುತ್ತಿದ್ದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಸಾವಿರ ದಾಟಿತು ಅಂತ ನೆನಪು. ಮನೆಯಲ್ಲಿ ಮಾತು ಕೇಳಿಸಿಕೊಂಡೆ. ಇಷ್ಟೆಲ್ಲ ಮಾಡಿ ಪಾಸಾದವರು ಹಿಂದಿನ ವರ್ಷಕ್ಕಿಂತ ಇಬ್ಬರು ಜಾಸ್ತಿ, ಅಷ್ಟೇ.

ಕಣ್ಣು ತೆರೆಸಿದ್ದು ಸಂತೆ. ನಮ್ಮ ಕ್ಲಾಸಿನ ಒಬ್ಬ ಹುಡುಗ, ಕುರಿ ಸಾಕುವ ಮನೆಯವನು, ಕಿರುಪರೀಕ್ಷೆಗಳಲ್ಲಿ ಮೂರು, ನಾಲ್ಕು ತೆಗೆಯುವವನು, ಟಗರು ಮಾರಲು ನಿಂತಿದ್ದ. ಎರಡು ಟಗರು, ಒಂದಕ್ಕೆ 6,350. ವ್ಯಾಪಾರಿ ಹದಿಮೂರು ಸಾವಿರ ಕೊಟ್ಟ. ಹುಡುಗ ಎಣಿಸಿ, ಜೇಬಿನಿಂದ ಮುನ್ನೂರು ತೆಗೆದು ವಾಪಸ್ ಕೊಟ್ಟ. ಒಂದು ಗಳಿಗೆಯೂ ತಡವರಿಸಲಿಲ್ಲ. ಸೋಮವಾರ ಅವನನ್ನು ಬೋರ್ಡಿಗೆ ಕರೆದು 52ರಲ್ಲಿ 27 ಕಳೆ ಅಂದೆ. 35 ಅಂತ ಬರೆದ.

"ಹೆಂಗೆ ಬಂತೋ?"

"ಎರಡರಲ್ಲಿ ಏಳು ಹೋಗಲ್ಲ ಸಾ. ಅದಕ್ಕೆ ಏಳರಲ್ಲಿ ಎರಡು ಕಳೆದೆ."

ಇದು ದಡ್ಡತನ ಅಲ್ಲ. ಅವನದೊಂದು ನಿಯಮ ಇದೆ, ಏಳು ವರ್ಷದಿಂದ ಅದನ್ನೇ ಪಾಲಿಸಿಕೊಂಡು ಬಂದಿದ್ದಾನೆ, ಯಾರೂ ಕೇಳಿಲ್ಲ. ಕೆಂಪು ಇಂಕಿನಲ್ಲಿ ಇಂಟು ಹಾಕಿ ಮುಂದೆ ಹೋಗಿದ್ದೇವೆ. ನಾನೂ ಹಾಕಿದ್ದೆ.

ಮರುದಿನವೇ ಇಡೀ ಕ್ಲಾಸಿಗೆ ಹನ್ನೊಂದು ಲೆಕ್ಕ ಕೊಟ್ಟೆ, ಹೆಸರು ಬರೆಯದೆ ಚೀಟಿಯಲ್ಲಿ ಮಾಡಿ ಅಂದೆ. ಸೊನ್ನೆ ದಾಟಿ ದಶಕ ತೆಗೆದುಕೊಳ್ಳುವ 503 − 178, ಅರ್ಧಕ್ಕೆ ಮೂರನೇ ಒಂದು ಕೂಡಿಸೋದು, −3 − 4, ಈ ಥರದವು. 54 ಜನರಲ್ಲಿ 23 ಜನಕ್ಕೆ ಕಳೆಯೋದು ಬರುತ್ತಿರಲಿಲ್ಲ. −3 − 4ಕ್ಕೆ 7 ಅಂತ ಬರೆದವರು ಮೂವತ್ತರ ಮೇಲೆ, ಅದರಲ್ಲಿ ಚೆನ್ನಾಗಿ ಓದುವವರೂ ಇದ್ದರು. ಈ ತಪ್ಪನ್ನು ಕಲಿಸಿದ್ದು ನಾವೇ. "ಮೈನಸ್ ಮೈನಸ್ ಪ್ಲಸ್" ಅಂತ ಹಾಡು ಹೇಳಿಸಿದೆವು, ಅದು ಗುಣಿಸುವಾಗ, ಭಾಗಿಸುವಾಗ ಮಾತ್ರ ಅನ್ನೋದನ್ನು ಮಕ್ಕಳ ಕಿವಿಗೆ ಹಾಕಲೇ ಇಲ್ಲ. ಇಲ್ಲಿ ಸಿಕ್ಕಿಕೊಂಡ ಮಗುವಿಗೆ ವರ್ಗ ಸಮೀಕರಣ ಬರಲ್ಲ ಅಂತ ಬೈಯುತ್ತಿದ್ದೆವು.

ಆ ಹನ್ನೊಂದು ಲೆಕ್ಕ ಪೂರ್ತಿ ಯಾವುವು, ಯಾವ ಅನುಕ್ರಮದಲ್ಲಿ ಅಂತ ಇಲ್ಲಿ ಹಾಕುವುದಿಲ್ಲ. ಹಾಕಿದರೆ ನಾಳೆ ಅದೂ ಗೈಡಿಗೆ ಹೋಗುತ್ತೆ, ಮಕ್ಕಳು ಉತ್ತರ ಉರು ಹೊಡೆಯುತ್ತಾರೆ. ನಿಮ್ಮ ಮಕ್ಕಳ ಹಳೇ ಪೇಪರ್ ಕಟ್ಟು ಬಿಚ್ಚಿ, ತಪ್ಪುಗಳನ್ನೇ ಓದಿ, ನಿಮ್ಮ ಹನ್ನೊಂದು ನಿಮಗೆ ಸಿಗುತ್ತೆ.

ಆಮೇಲೆ ಜೂನ್, ಜುಲೈ ಸೇರಿ ನಲವತ್ತು ಪಿರಿಯಡ್ ಪಠ್ಯಪುಸ್ತಕ ಮುಟ್ಟಲಿಲ್ಲ. ಬೆಂಕಿಕಡ್ಡಿ ಹತ್ತರ ಕಟ್ಟು, ಬಿಡಿ ಕಡ್ಡಿ. 52 ಅಂದರೆ ಐದು ಕಟ್ಟು, ಎರಡು ಬಿಡಿ. ಏಳು ಕೊಡಬೇಕಾದರೆ ಏನು ಮಾಡ್ತೀಯ? ಕಟ್ಟು ಬಿಚ್ಚಲೇಬೇಕು. ಆ ರಬ್ಬರ್ ಬ್ಯಾಂಡ್ ಬಿಚ್ಚುವ ಹೊತ್ತಿಗೆ ಟಗರಿನ ಹುಡುಗ "ಓ, ಚಿಲ್ಲರೆ ಮಾಡಿಸೋದು" ಅಂದ. ನೂರರ ನೋಟು ಚಿಲ್ಲರೆ ಮಾಡಿಸಿದ ಹಾಗೆ. ನನಗಿಂತ ಚೆನ್ನಾಗಿ ಹೇಳಿದ. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ದಶಕ ತೆಗೆದುಕೊಳ್ಳೋದು ಅನ್ನೋ ಮಾತೇ ಹೋಯಿತು, ಎಲ್ಲರೂ ಚಿಲ್ಲರೆ ಮಾಡಿಸುವವರೇ.

ಮೈನಸ್ಸಿಗೆ ಹುಣಸೆ ಬೀಜ. ಚೌಕಾಬಾರಕ್ಕೆ ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡ್ತೀವಲ್ಲ, ಅವೇ. ಬಿಳಿ ಕೈಯಲ್ಲಿರೋ ದುಡ್ಡು, ಕಪ್ಪು ಸಾಲ. ಒಂದು ಬಿಳಿ ಒಂದು ಕಪ್ಪು ಸೇರಿದರೆ ಚುಕ್ತಾ, ಎತ್ತಿಡು. ಮೂರು ಸಾಲ ಇತ್ತು, ಮತ್ತೆ ನಾಲ್ಕು ಸಾಲ ಮಾಡಿದೆ, ಏಳು ರೂಪಾಯಿ ಲಾಭ ಬಂತಾ? ಯಾವ ಮಗುವೂ ಹೌದು ಅನ್ನಲಿಲ್ಲ. ಇದಕ್ಕೆ ಖರ್ಚು ಸೊನ್ನೆ. ಮಂಡಕ್ಕಿಯ ಹನ್ನೆರಡು ಸಾವಿರ ನೆನೆದರೆ ಈಗಲೂ ಸಂಕಟ.

ಹುಮ್ಮಸ್ಸಿನಲ್ಲಿ ಚೌಕಾಬಾರವನ್ನೇ ಆಡಿಸಿದೆ, ಕಪ್ಪು ಬಿದ್ದರೆ ಕಾಯಿ ಹಿಂದಕ್ಕೆ ನಡೆಸಬೇಕು ಅಂತ ನಿಯಮ ಮಾಡಿ. ಮಕ್ಕಳಿಗೆ ಖುಷಿಯೋ ಖುಷಿ, ಕೂಡಿ ಕಳೆಯೋದು ಬೇಗ ಬಂತು. ಗಲಾಟೆ ಜಾಸ್ತಿಯಾಗಿ ಪಕ್ಕದ ಕೋಣೆಯ ಮೇಡಂ ದೂರು ಕೊಟ್ಟರು, ಒಂದು ವಾರಕ್ಕೇ ನಿಂತಿತು. ಭಿನ್ನರಾಶಿಗೆ ಮಾತ್ರ ನನಗೆ ಪೂರ್ತಿ ದಾರಿ ಸಿಗಲಿಲ್ಲ. ಕಾಗದ ಮಡಚಿಸಿದೆ, ಹನ್ನೆರಡು ಮನೆಯ ಪಟ್ಟಿ ಕತ್ತರಿಸಿ ಕೊಟ್ಟೆ. ಅರ್ಧದಷ್ಟು ಮಕ್ಕಳಿಗೆ ಹತ್ತಿತು.

ಇನ್ನು ಶಾಲೆಯೊಳಗಿನ ರಾಜಕೀಯ. ಮಕ್ಕಳಿಗೆ ಕಲಿಸೋದು ಇದಕ್ಕಿಂತ ಸುಲಭ ಇತ್ತು. ಬೇಕಿದ್ದದ್ದು ಬೆಳಗಿನ ಮೊದಲ ಪಿರಿಯಡ್, ಅದು ಬೇರೆಯವರದ್ದು. ಅದನ್ನು ಹೇಗೆ ಪಡೆದೆ ಅಂತ ಬರೆದರೆ ಇನ್ನೂ ಸರ್ವೀಸಿನಲ್ಲಿರುವವರಿಗೆ ತೊಂದರೆ, ಬಿಡಿ. ಭೇಟಿಗೆ ಬಂದ ಅಧಿಕಾರಿಯೊಬ್ಬರು ಹತ್ತನೇ ಕ್ಲಾಸಿನಲ್ಲಿ ಬೆಂಕಿಕಡ್ಡಿ ನೋಡಿ, ಮಕ್ಕಳೆದುರೇ "ಇದು ನಲಿಕಲಿಯೇನ್ರೀ?" ಅಂದರು. ನಲಿಕಲಿ ಅಂದರೆ ಚಿಕ್ಕ ಕ್ಲಾಸಿನ ಮಕ್ಕಳಿಗೆ ಆಟವಾಡಿಸುತ್ತಾ ಕಲಿಸುವ ಪದ್ಧತಿ. ಸಂದರ್ಶನ ಪುಸ್ತಕದಲ್ಲೂ ಬರೆದು ಹೋದರು. ಸ್ಟಾಫಿನಲ್ಲಿ ಎರಡು ಬಣ ಆಯಿತು. ಎಸ್‌ಡಿಎಂಸಿಯಲ್ಲಿ (ಶಾಲೆಯ ಅಭಿವೃದ್ಧಿ ಸಮಿತಿ) ಊರಿನ ಎರಡು ಪಾರ್ಟಿ ಮೊದಲೇ ಇದ್ದವು. ಒಬ್ಬ ಸದಸ್ಯರು ಐದು ಸಾವಿರ ಕೊಡ್ತೀನಿ ಅಂದರು, ಆದರೆ "ದಡ್ಡ ಮಕ್ಕಳನ್ನೆಲ್ಲ" ಸಾಲಾಗಿ ನಿಲ್ಲಿಸಿ ಫೋಟೋ ಬೇಕಂತೆ. ಬೇಡ ಅಂದೆ.

ಕಷ್ಟವಾದದ್ದು ಟಿಸಿ ವಿಷಯ. ಒಂಬತ್ತರಲ್ಲಿದ್ದ ಏಳು ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿದರೆ ಮುಂದಿನ ವರ್ಷ ನಮ್ಮ ಶೇಕಡಾವಾರು ತಾನಾಗಿ ಏರುತ್ತೆ ಅನ್ನೋ ಮಾತು ಸಭೆಯಲ್ಲೇ ಬಂತು. ಸಮಸ್ಯೆ ಮಕ್ಕಳಲ್ಲಿದೆ ಅಂತ ನಂಬಿದ ಮೇಲೆ ಮಕ್ಕಳನ್ನೇ ಕಳಿಸಿದರೆ ಸರಿಹೋಗುತ್ತೆ ಅಂತ ಅನಿಸುತ್ತೆ, ಅಲ್ವಾ? ನನ್ನ ವಿರೋಧವನ್ನು ನಡಾವಳಿಯಲ್ಲಿ ಬರೆಯಿರಿ ಅಂತ ಹಟ ಹಿಡಿದೆ. ಬರೆಯಲಿಲ್ಲ, ಆದರೆ ಟಿಸಿ ಮಾತೂ ಅಲ್ಲಿಗೇ ನಿಂತಿತು. ಆಮೇಲೆ ಒಂದು ವರ್ಷ ನನ್ನ ಜೊತೆ ಟೀ ಕುಡಿಯುವವರೂ ಇರಲಿಲ್ಲ. ದುಡ್ಡು ಹೋದದ್ದಕ್ಕಿಂತ ಇದು ಜಾಸ್ತಿ ನೋವು ಕೊಟ್ಟಿತು.

ಪೋರ್ಷನ್? ಜನವರಿ ಮೂರನೇ ವಾರಕ್ಕೆ ಮುಗಿಯಿತು, ಹಿಂದಿನ ವರ್ಷಕ್ಕಿಂತ ಹತ್ತು ಹನ್ನೆರಡು ದಿನ ತಡ. ಒಂದೇ ಹಂತಕ್ಕೆ ಐದೈದು ಸಲ ನಿಲ್ಲುವುದು ತಪ್ಪಿತಲ್ಲ, ಆಗಸ್ಟ್‌ನಿಂದ ಪಾಠ ಓಡಿತು. ಮೊದಲ ಬ್ಯಾಚಿನಲ್ಲಿ 54ಕ್ಕೆ 46 ಜನ ಗಣಿತದಲ್ಲಿ ಪಾಸು, ಆ 23ರಲ್ಲಿ 16 ಜನ. ಟಗರಿನ ಹುಡುಗನಿಗೆ ಬರವಣಿಗೆಯಲ್ಲಿ 34. ಕೊನೆಯ ಬ್ಯಾಚಿನಲ್ಲಿ ಗಣಿತಕ್ಕೆ ಫೇಲಾದವರು ಮೂವರೇ. ಟಿಸಿ ಕೊಟ್ಟು ಕಳಿಸೋಣ ಅಂದಿದ್ದ ಆ ಏಳು ಮಕ್ಕಳಲ್ಲಿ ಐವರು ಪಾಸಾದರು. ಒಬ್ಬಳು ಬರೆದು ನಪಾಸಾದಳು, ಇನ್ನೊಬ್ಬನ ಮನೆಯವರು ದೀಪಾವಳಿ ಆದ ಮೇಲೆ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದರು, ಅವನೂ ಹೋದ. ಅವನಿಗೆ ಭಿನ್ನರಾಶಿಯೂ ಬರುತ್ತಿತ್ತು.

ಮಾಡುವವರಿಗೆ ಒಂದು ಮಾತು. ಸೇತುಬಂಧದ ದಿನಗಳಲ್ಲೇ, ಅಂದರೆ ವರ್ಷದ ಶುರುವಿನಲ್ಲಿ ಹಿಂದಿನ ಕ್ಲಾಸಿನ ಪಾಠ ನೆನಪಿಸುವಾಗಲೇ, ಶುರು ಮಾಡಿ. ಕಳೆಯೋದು ಬಾರದ ಮಕ್ಕಳನ್ನು ಬೇರೆ ಕೋಣೆಗೆ ಹಾಕಬೇಡಿ, ಕಡ್ಡಿ ಕಟ್ಟನ್ನು ಎಲ್ಲರಿಗೂ ಕೊಡಿ. ತಡ ಮಾಡಿದರೆ ಶೇಂಗಾ ಕೀಳುವ ಕಾಲ ಬರುತ್ತೆ, ನಿಮಗೆ ಬೇಕಾದ ಮಕ್ಕಳೇ ಹೊಲದಲ್ಲಿರುತ್ತಾರೆ.