ಒಂದು ಬೂತಾಯಿಯನ್ನು ಓದುವುದು ಹೇಗೆ?

ಕರಾವಳಿಯ ಅಡುಗೆಮನೆಗಳಲ್ಲಿ ಬೂತಾಯಿಯ ಹೊಟ್ಟೆ ಸೀಳದ ವಾರವೇ ಇರುವುದಿಲ್ಲ. ಒಳಗಿನದನ್ನು ಬೆಕ್ಕಿಗೋ ತೆಂಗಿನ ಬುಡಕ್ಕೋ ಹಾಕಿ ಮುಂದಿನ ಮೀನಿಗೆ ಕೈ ಚಾಚುತ್ತೇವೆ. ಹಾಗೆ ಎಸೆಯುವ ಮುನ್ನ ಅರ್ಧ ನಿಮಿಷ ನೋಡಿದರೆ ಆ ಮೀನು ಸುಮಾರು ಯಾವ ಮಳೆಗಾಲದಲ್ಲಿ ಹುಟ್ಟಿತು, ಏನು ತಿಂದು ಬೆಳೆಯಿತು, ತತ್ತಿ ಇಟ್ಟಾಯಿತೇ ಇನ್ನೂ ಇಡಬೇಕೇ ಎಂಬುದು ತಿಳಿಯುತ್ತದೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಅಳತೆಪಟ್ಟಿ, ಚಿಕ್ಕ ಕತ್ತರಿ, ಬಿಳಿ ತಟ್ಟೆ, ಭೂತಗನ್ನಡಿ, ಒಂದು ನೋಟ್‌ಬುಕ್ ಸಾಕು.

ಮೊದಲು ಮೀನು ಅದೇ ಹೌದೇ ಎಂದು ಖಚಿತ ಮಾಡಿಕೊಳ್ಳಿ. ಮಂಗಳೂರು, ಉಡುಪಿಯವರ ಬೂತಾಯಿ ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ವಿಜ್ಞಾನದ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಲಾಂಜಿಸೆಪ್ಸ್ ಎಂದರೆ ಉದ್ದ ತಲೆಯದು, ಗುರುತೂ ಅದೇ. ಬಾಲದ ರೆಕ್ಕೆಯನ್ನು ಬಿಟ್ಟು ಅಳೆದರೆ ತಲೆಯೊಂದೇ ದೇಹದ ಮೂರನೆಯ ಒಂದು ಭಾಗದಷ್ಟಿರುತ್ತದೆ. ಕಿವಿರು ಮುಚ್ಚಳದ ಹಿಂದಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ತಾಜಾ ಮೀನಾದರೆ ಅದರ ಹಿಂದೆ ಮಸುಕಾದ ಹೊನ್ನಿನ ಬಣ್ಣವೂ ಕಾಣುತ್ತದೆ.

ಎರಡನೆಯದು ಅಳತೆ. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಪಟ್ಟಿ ಇಡಿ. ಒಂದು ಮೀನಿಗೆ ನಿಲ್ಲಿಸದೆ ಕನಿಷ್ಠ ಹತ್ತನ್ನು ಅಳೆಯಿರಿ. ಬೂತಾಯಿ ಸಮವಯಸ್ಕರ ಜೊತೆಗೇ ತಿರುಗುವ ಮೀನು. ಒಂದೇ ಬಲೆಗೆ ಬಿದ್ದವು ಬಹುತೇಕ ಒಂದೇ ಗಾತ್ರದವು, ಹಾಗಾಗಿ ಹತ್ತು ಮೀನುಗಳ ಅಳತೆ ಒಂದು ಇಡೀ ಹಿಂಡಿನ ವಯಸ್ಸನ್ನು ಹೇಳುತ್ತದೆ. ಸುಮಾರು 15 ಸೆಂಟಿಮೀಟರ್ ಮುಟ್ಟಿದ ಮೀನು ಮೊದಲ ಬಾರಿಗೆ ತತ್ತಿ ಇಡಲು ಸಿದ್ಧವಾಗುತ್ತದೆ, ಆಗ ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ. 20 ದಾಟಿದ್ದು ಸಿಕ್ಕಿದರೆ ಅದು ಹಿರಿಯ ಮೀನು. ಬೂತಾಯಿಯ ಆಯುಷ್ಯವೇ ಎರಡೂವರೆ ವರ್ಷದ ಆಸುಪಾಸು. ಹತ್ತಕ್ಕಿಂತ ಕಡಿಮೆ ಇದ್ದರೆ ಅದು ಕೆಲವೇ ತಿಂಗಳ ಮರಿ, ಒಮ್ಮೆಯೂ ತತ್ತಿ ಇಟ್ಟಿಲ್ಲ. ಕೇರಳ ಸರ್ಕಾರ ಹಿಡಿಯಬಹುದಾದ ಕನಿಷ್ಠ ಗಾತ್ರವೆಂದು 10 ಸೆಂಟಿಮೀಟರನ್ನೇ ಗೊತ್ತುಮಾಡಿದೆ. ನನ್ನ ಮಟ್ಟಿಗೆ ಅದು ತೀರಾ ಉದಾರವಾದ ಗೆರೆ. ಹತ್ತಕ್ಕೂ ಹದಿನೈದಕ್ಕೂ ನಡುವೆ ಸಿಕ್ಕಿಬಿದ್ದ ಮೀನುಗಳೂ ಸಂತಾನ ಕಾಣದೆಯೇ ಹೋದವು.

ಇನ್ನು ಕಿವಿರು. ಮುಚ್ಚಳವನ್ನು ಕತ್ತರಿಸಿ ತೆಗೆದು, ಕೆಂಪು ಕಿವಿರಿನ ಮೊದಲ ಕಮಾನನ್ನು ಬುಡದಿಂದ ಬಿಡಿಸಿ, ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ತೇಲಿಬಿಡಿ. ಉಸಿರಾಟಕ್ಕಿರುವುದು ಕೆಂಪು ಎಳೆಗಳು. ಅವುಗಳ ಎದುರು ಬದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತ ಬಿಳಿ ಕಡ್ಡಿಗಳಿವೆ. ಕಮಾನಿನ ಕೆಳ ತೋಳೊಂದರಲ್ಲೇ 150ಕ್ಕೂ ಹೆಚ್ಚು! ಬಂಗುಡೆಯ ಕಿವಿರನ್ನು ಪಕ್ಕದಲ್ಲಿಟ್ಟು ನೋಡಿದರೆ ಬೂತಾಯಿಯ ಜರಡಿ ಎಷ್ಟು ನಯವೆಂಬುದು ಮನದಟ್ಟಾಗುತ್ತದೆ. ಬಾಯಿ ತೆರೆದು ಈಜುತ್ತಾ ನೀರನ್ನು ಸೋಸುವುದೇ ಅದರ ಊಟದ ರೀತಿ. ಸೋಸಿ ಸಿಗುವುದು ಮುಖ್ಯವಾಗಿ ಡಯಾಟಂ ಎಂಬ ಸೂಕ್ಷ್ಮ ಪಾಚಿ, ಅದರಲ್ಲೂ ಫ್ರಾಜಿಲೇರಿಯಾ ಓಷಿಯಾನಿಕಾ ಎಂಬುದು ಇದಕ್ಕೆ ಬಲು ಪ್ರಿಯ. ಜೊತೆಗೆ ಕೋಪೆಪಾಡ್‌ನಂತಹ ಸಣ್ಣ ಜೀವಿಗಳು.

ಈ ಮೀನಿಗೆ ಎಂತಹ ಕಡಲು ಬೇಕು ಎಂಬ ಪ್ರಶ್ನೆಗೆ ಉತ್ತರ ಆ ಜರಡಿಯಲ್ಲೇ ಇದೆ. ಬೂತಾಯಿಗೆ ಬಂಡೆಯ ಬಿಲ ಬೇಡ, ಹವಳದ ಆಸರೆ ಬೇಡ. ಬೇಕಾದುದು ದಡಕ್ಕೆ ಹತ್ತಿರದ, ಪಾಚಿಯಿಂದ ಗಂಜಿಯಂತೆ ದಟ್ಟವಾದ ನೀರು. ನೈಋತ್ಯ ಮಾರುತ ಆ ಗಂಜಿಯನ್ನು ಕಾಯಿಸಿಕೊಡುತ್ತದೆ. ಜೂನ್ ನಂತರ ಗಾಳಿ ತೀರದುದ್ದಕ್ಕೂ ಬೀಸುತ್ತಾ ಮೇಲ್ಪದರದ ಬೆಚ್ಚಗಿನ ನೀರನ್ನು ಹೊರಕಡಲಿಗೆ ಸರಿಸುತ್ತದೆ. ತೆರವಾದ ಜಾಗಕ್ಕೆ ಆಳದಿಂದ ತಣ್ಣನೆಯ ನೀರು ಏರುತ್ತದೆ. ತಳ ಸೇರಿದ್ದ ನೈಟ್ರೇಟ್, ಫಾಸ್ಫೇಟ್ ಎಂಬ ಪೋಷಕಾಂಶಗಳು ಅದರೊಂದಿಗೆ ಮೇಲೆ ಬಂದು ಬಿಸಿಲು ಕಂಡೊಡನೆ ಡಯಾಟಂಗಳು ಹುಲುಸಾಗಿ ಹುಟ್ಟುತ್ತವೆ. ಆದರೆ ಆ ತಣ್ಣೀರಿನಲ್ಲಿ ಆಮ್ಲಜನಕ ಕಡಿಮೆ. ಅದು ದಡದ ತೀರಾ ಸಮೀಪಕ್ಕೆ, ಬಹಳ ಮೇಲಕ್ಕೆ ಬಂದರೆ ಹಿಂಡುಗಳು ಉಸಿರಿಗಾಗಿ ಜಾಗ ಬಿಡುತ್ತವೆ. ಏರುವ ನೀರು ಕಡಿಮೆಯಾದರೆ ಹಸಿವು, ವಿಪರೀತವಾದರೆ ಉಸಿರುಗಟ್ಟು. ಈ ಸಣ್ಣ ಅಂತರದಲ್ಲಿ ಬೂತಾಯಿಯ ಇಡೀ ಬದುಕು ನಡೆಯುತ್ತದೆ.

ಈಗ ಹೊಟ್ಟೆ ಸೀಳಿ. ಕತ್ತರಿಯ ಮೊಂಡು ತುದಿಯನ್ನು ಹಿಂಭಾಗದ ರಂಧ್ರದಲ್ಲಿ ಸೇರಿಸಿ ಗಂಟಲಿನವರೆಗೆ ಮೆಲ್ಲಗೆ ಕತ್ತರಿಸಿ. ಬೆನ್ನೆಲುಬಿನ ಕೆಳಗೆ, ಕರುಳಿನ ಇಕ್ಕೆಲಗಳಲ್ಲಿ ಎರಡು ಉದ್ದನೆಯ ಪಟ್ಟಿಗಳು ಕಾಣುತ್ತವೆ. ನಸುಹಳದಿಯಾಗಿ, ರವೆಯಂತೆ ಕಾಳುಕಾಳಾಗಿ, ಮೇಲೆ ರಕ್ತದ ಗೆರೆಗಳು ಹರಡಿದ್ದರೆ ಹೆಣ್ಣು. ಕೆನೆಬಣ್ಣದ ನುಣುಪು ಪಟ್ಟಿಯಾದರೆ ಗಂಡು. ದಾರದಷ್ಟು ತೆಳ್ಳಗಿದ್ದು ಗಂಡೋ ಹೆಣ್ಣೋ ತಿಳಿಯದಿದ್ದರೆ ಮರಿ. ಹೊಟ್ಟೆಯ ಬಹುಭಾಗ ತುಂಬಿಕೊಂಡು, ಒತ್ತಿದರೆ ಪಾರದರ್ಶಕ ಕಾಳುಗಳು ಹೊರಬಂದರೆ ಆ ಹೆಣ್ಣು ತತ್ತಿ ಇಡುವ ಹೊತ್ತಿನಲ್ಲಿ ಬಲೆಗೆ ಬಿದ್ದಿದೆ. ಖಾಲಿ ಚೀಲದಂತೆ ಜೋತು, ಕೆಂಪಡರಿದ್ದರೆ ಆಗಷ್ಟೇ ಇಟ್ಟು ಮುಗಿಸಿದೆ. ಈ ಹಂತಗಳನ್ನು ಪದಗಳಲ್ಲಿ ಬರೆಯುವುದಕ್ಕಿಂತ ಮೊಬೈಲ್‌ನಲ್ಲಿ ಚಿತ್ರ ತೆಗೆದಿಡುವುದು ಒಳ್ಳೆಯದು. ಒಂದು ತಿಂಗಳ ಚಿತ್ರದ ಪಕ್ಕ ಇನ್ನೊಂದನ್ನು ಇಟ್ಟಾಗ ವ್ಯತ್ಯಾಸ ಎದ್ದು ಕಾಣುತ್ತದೆ.

ತುಂಬಿದ ತತ್ತಿಪಟ್ಟಿಗಳು ಹೆಚ್ಚಾಗಿ ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ನಿಮ್ಮ ಕೈಗೆ ಬರುವ ಬೂತಾಯಿ ಹೆಚ್ಚಾಗಿ ನಾಡದೋಣಿಯವರದು. ಒಂದು ಹೆಣ್ಣಿನಲ್ಲಿ ತತ್ತಿಗಳು ಹತ್ತಾರು ಸಾವಿರ. ತಾಯಿ ಗೂಡು ಕಟ್ಟುವುದಿಲ್ಲ, ಕಾವಲು ನಿಲ್ಲುವುದಿಲ್ಲ, ತೆರೆದ ನೀರಿನಲ್ಲಿ ಬಿಟ್ಟು ಹೋಗುತ್ತದೆ. ಒಂದೊಂದರಲ್ಲೂ ಒಂದು ಎಣ್ಣೆಯ ಹನಿ ಇರುತ್ತದೆ, ತತ್ತಿ ತೇಲುತ್ತದೆ. ಸುಮಾರು ಒಂದು ದಿನದಲ್ಲಿ ಒಡೆದು, ಬಾಯಿಯೇ ತೆರೆಯದ ಗಾಜಿನಂಥ ಮರಿ ಹೊರಬರುತ್ತದೆ. ಹೊಟ್ಟೆಗಂಟಿದ ಭಂಡಾರದ ಚೀಲ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಸುತ್ತಲಿನ ನೀರಿನಲ್ಲಿ ಅದರ ಬಾಯಿಗೆ ಹಿಡಿಸುವ ಆಹಾರ ಇರಲೇಬೇಕು, ಇಲ್ಲದಿದ್ದರೆ ಆ ತಲೆಮಾರಿನ ಕತೆ ಅಲ್ಲಿಗೇ ನಿಂತಿತು. ಮಳೆ ತಡವಾದರೂ ಗಾಳಿ ದಾರಿ ತಪ್ಪಿದರೂ ಪೆಟ್ಟು ಬೀಳುವುದು ಈ ಎರಡು ಮೂರು ದಿನಗಳ ಮೇಲೆ. ತಪ್ಪಿಸಿಕೊಂಡು ಉಳಿದ ಮರಿಗಳು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹಿಂಡುಕಟ್ಟಿ ತೀರದತ್ತ ಬರುತ್ತವೆ.

ಕರುಳನ್ನೂ ಬಿಡಬೇಡಿ. ಪಾಚಿ ಅರಗಿಸಬೇಕಾದ ಮೀನಾದ್ದರಿಂದ ಅದು ಉದ್ದವಾಗಿ ಸುತ್ತಿಕೊಂಡಿರುತ್ತದೆ. ಜಠರವನ್ನು ಹಿಂಡಿದರೆ ಬರುವ ಹಸಿರುಗಂದು ಲೋಳೆ ಡಯಾಟಂನ ಗುರುತು. ಶಾಲೆಯ ಸೂಕ್ಷ್ಮದರ್ಶಕ ಸಿಕ್ಕರೆ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ ಮಕ್ಕಳಿಗೆ ತೋರಿಸಿ.

ಕೊನೆಯ ಪರೀಕ್ಷೆ ಕೊಬ್ಬಿನದು. ಕರುಳಿನ ಸುತ್ತ ಬಿಳಿ ಕೊಬ್ಬು ಗಟ್ಟಿಯಾಗಿ ಅಂಟಿದೆಯೇ ನೋಡಿ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅದು ಯಥೇಚ್ಛ. ತತ್ತಿ ಕಟ್ಟುವ ಹೊತ್ತಿಗೆ ಆ ಕೊಬ್ಬೇ ತತ್ತಿಯಾಗಿ ಕರಗಿರುತ್ತದೆ. ನಮ್ಮ ಹಿರಿಯರು ಮರದ ದೋಣಿಗೆ ಬಳಿದದ್ದೂ ಇದೇ ಎಣ್ಣೆ. ನವೆಂಬರ್‌ನ ಮೀನಿನಲ್ಲೂ ಕೊಬ್ಬು ಇಲ್ಲದಿದ್ದರೆ ಆ ವರ್ಷದ ಕಡಲು ಅದಕ್ಕೆ ಹೊಟ್ಟೆತುಂಬ ಉಣಿಸಿಲ್ಲ.

ಇಷ್ಟನ್ನೂ ತಿಂಗಳಿಗೆರಡು ಬಾರಿ ಬರೆದಿಡಿ: ದಿನಾಂಕ, ಮೀನು ಬಂದ ಬಂದರು, ಹತ್ತು ಮೀನಿನ ಉದ್ದ, ತತ್ತಿಯ ಸ್ಥಿತಿ, ಕೊಬ್ಬು. ಮಲ್ಪೆಯ ಮೀನೋ ಗಂಗೊಳ್ಳಿಯದೋ ಎಂದು ಮಾರುವವರನ್ನು ಕೇಳಿದರೆ ಹೇಳುತ್ತಾರೆ. ಎರಡು ವರ್ಷ ಬರೆದರೆ ಒಂದು ತಲೆಮಾರು ಮರಿಯಿಂದ ಹಿರಿಯನಾಗುವುದು ನಿಮ್ಮ ಪುಟಗಳಲ್ಲೇ ಕಾಣುತ್ತದೆ.

ಕಾಣದೇ ಹೋಗುವ ವರ್ಷಗಳೂ ಇವೆ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್‌ನಷ್ಟು ಸಿಕ್ಕಿದ್ದ ಮತ್ತಿ 2021ರಲ್ಲಿ 3,297 ಟನ್‌ಗೆ ಕುಸಿಯಿತು. 2015ರ ಎಲ್ ನಿನೋ (ಪೆಸಿಫಿಕ್ ಸಾಗರ ಬಿಸಿಯೇರಿ ಹವಾಮಾನ ಏರುಪೇರಾಗುವ ವಿದ್ಯಮಾನ) ವೇಳೆ ಕಡಲು ಬಿಸಿಯಾಗಿ ಮೀನಿನ ಬೆಳವಣಿಗೆ ಕುಂಠಿತವಾದುದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿದ್ದಾರೆ. ಏರಿಳಿತ ಈ ಮೀನಿಗೆ ಹೊಸದಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1943ರಲ್ಲಿ, ಅಲ್ಲಿನ ಸರ್ಕಾರ ಮರಿ ಬೂತಾಯಿ ಹಿಡಿಯುವುದಕ್ಕೆ ನಿರ್ಬಂಧ ಹೇರಿತ್ತು. ಕಡಲು ಬಿಸಿಯಾಗುವುದನ್ನು ನಾವು ಅಡುಗೆಮನೆಯಿಂದ ತಡೆಯಲಾರೆವು. ಆದರೆ ಕೆಟ್ಟ ವರ್ಷವನ್ನು ದಾಟಿ ಬಂದ ಮರಿಗಳನ್ನು ಬುಟ್ಟಿಗಟ್ಟಲೆ ಮೀನೆಣ್ಣೆ, ಮೀನುಹಿಟ್ಟಿನ ಕಾರ್ಖಾನೆಗೆ ಸುರಿಯುವುದು ನಮ್ಮ ಕೈಯಲ್ಲಿರುವ ವಿಷಯ. ಅದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಮಾರುಕಟ್ಟೆಗೆ ಹೋಗುವಾಗ ಬೆರಳಿನ ಮೇಲೊಂದು ಅಳತೆ ಗುರುತಿಟ್ಟುಕೊಳ್ಳಿ. ಅಂಗೈಯನ್ನು ಪೂರ್ತಿ ಅಗಲಿಸಿದಾಗ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಎಷ್ಟು ಸೆಂಟಿಮೀಟರ್ ಎಂದು ಮನೆಯಲ್ಲೇ ಅಳೆದುಕೊಳ್ಳಿ, ಹಲವರಿಗೆ ಅದು 15ರ ಸುತ್ತಮುತ್ತ ಬರುತ್ತದೆ. ಬುಟ್ಟಿಯ ಮೀನು 15 ಸೆಂಟಿಮೀಟರ್ ಮುಟ್ಟದಿದ್ದರೆ ಕೊಳ್ಳಬೇಡಿ, ಏಕೆ ಕೊಳ್ಳುತ್ತಿಲ್ಲ ಎಂಬುದನ್ನು ಮಾರುವವರಿಗೆ ಹೇಳಿ, ಮನೆಗೆ ಬಂದು ಆ ದಿನದ ಪುಟದಲ್ಲಿ ದಿನಾಂಕ ಹಾಕಿ ‘ಮರಿ’ ಎಂದು ಬರೆಯಿರಿ.