ಡೇಟಾ ಬರಲಿ ಅಂತ ಡೇಟಾ ಅಳಿಸಬೇಕಾ?

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಒಂಬತ್ತು ದಿನ ಇತ್ತು. ಅರಸೀಕೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದರು. ಅವರು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಶ್ರಾವಣ ಬಂತೆಂದರೆ ಊಟಕ್ಕೂ ಪುರುಸೊತ್ತಿರಲ್ಲ, ಹಾಗಾಗಿ ಸುಮ್ನೆ ಮಾತಾಡೋಕೆ ಮಾಡಿದ ಫೋನ್ ಅಲ್ಲ ಅಂತ ಎತ್ತುವಾಗಲೇ ಗೊತ್ತಾಯಿತು.

"ನೆಟ್ ಬರ್ತಿಲ್ಲ ಕಣೇ. ಕಾಲ್ ಬರುತ್ತೆ, ಹೋಗುತ್ತೆ. ವಾಟ್ಸ್‌ಆ್ಯಪ್ ಮಾತ್ರ ನಿನ್ನೆಯಿಂದ ಸತ್ತು ಬಿದ್ದಿದೆ. ಅಂಗಡಿಗೆ ತಗೊಂಡು ಹೋದ್ರೆ ರೀಸೆಟ್ ಹೊಡೀಬೇಕು, ಮುನ್ನೂರು ರೂಪಾಯಿ, ಒಳಗಿರೋ ಡೇಟಾ ಹೋಗುತ್ತೆ ಅಂದ."

ಡೇಟಾ ಬರುತ್ತಿಲ್ಲ ಅಂತ ಹೋದವರಿಗೆ ಡೇಟಾ ಹೋಗುತ್ತೆ ಅಂದರೆ ಏನು ಅರ್ಥ ಆಗಬೇಕು? ಚಿಕ್ಕಮ್ಮನ ಡೇಟಾ ಅಂದರೆ ನೆಟ್‌ಪ್ಯಾಕ್. ಅಂಗಡಿಯವನ ಡೇಟಾ ಅಂದರೆ ನಾಲ್ಕು ವರ್ಷದ ಸಂಪಾದನೆ: ಪ್ರತಿ ಗಿರಾಕಿಯ ಅಳತೆ ಬರೆದ ಹಾಳೆಗಳ ಫೋಟೊ, ಬ್ಯಾಕ್ ನೆಕ್ ಡಿಸೈನ್‌ಗಳು, ಸೀರೆ ಕುಚ್ಚಿನ ಮಾದರಿಗಳು, "ತೋಳು ಒಂದಿಂಚು ಜಾಸ್ತಿ ಇರಲಿ ಆಂಟಿ" ಅನ್ನುವ ನೂರಾರು ವಾಯ್ಸ್ ಮೆಸೇಜ್‌ಗಳು. ಹಾಳೆಗಳನ್ನು ಅವರು ಫೋಟೊ ತೆಗೆದ ಮೇಲೆ ಒಲೆಗೆ ಹಾಕುತ್ತಾರೆ.

"ಯಾರೂ ಏನೂ ಮಾಡಬೇಡಿ, ಶನಿವಾರ ಬರ್ತೀನಿ" ಅಂದೆ.

ನಾನು ಮೊಬೈಲ್ ರಿಪೇರಿಯವಳಲ್ಲ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಆದರೆ ನೆಂಟರ ಫೋನು ಕೆಟ್ಟರೆ ಎಲ್ಲರೂ ನನ್ನನ್ನೇ ಹುಡುಕುತ್ತಾರೆ. ನೋಡುತ್ತಾ ನೋಡುತ್ತಾ ಒಂದು ಕ್ರಮ ರೂಢಿಯಾಗಿದೆ. ಮೊದಲು ಏನನ್ನೂ ಅಳಿಸದ ಕೆಲಸ. ಅದಾಗದಿದ್ದರೆ ಸ್ವಲ್ಪ ಅಳಿಸುವ ಕೆಲಸ. ಪೂರ್ತಿ ಅಳಿಸುವ ರೀಸೆಟ್‌ವರೆಗೆ ಹೋಗುವ ಪ್ರಸಂಗ ನನಗೆ ಇನ್ನೂ ಬಂದಿಲ್ಲ. ನೆಟ್ ಹಿಡಿಯುವ ಸೆಟ್ಟಿಂಗೇ ಬೇರೆ, ಫೋಟೊ ಕೂತಿರುವ ಜಾಗವೇ ಬೇರೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುತ್ತಾರಾ?

ಶನಿವಾರದ ತನಕ ಫೋನಿನಲ್ಲೇ ಹೇಳಿ ಮಾಡಿಸಬಹುದಾದ್ದನ್ನು ಮಾಡಿಸಿದೆ. ಫ್ಲೈಟ್ ಮೋಡ್ ಹಾಕಿ ಅರ್ಧ ನಿಮಿಷ ಬಿಟ್ಟು ತೆಗೆಸಿದೆ. ಆಫ್ ಮಾಡಿ ಆನ್ ಮಾಡಿಸಿದೆ. ರೀಚಾರ್ಜ್ ಮುಗಿದಿದೆಯಾ ಅಂತ ಕೇಳಿದೆ, ಇನ್ನೂ ಇಪ್ಪತ್ತು ದಿನ ಇತ್ತು. ದಿನದ ಕೋಟಾ ಮುಗಿದಿರಬಹುದಾ? ನಮ್ಮಲ್ಲಿ ಸಾಮಾನ್ಯ ಪ್ಯಾಕ್‌ಗಳಲ್ಲಿ ಅದು ಮುಗಿದರೆ ನೆಟ್ ನಿಲ್ಲುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿದು ತೆವಳುತ್ತದೆ, ಮಧ್ಯರಾತ್ರಿ ಮತ್ತೆ ಸರಿಯಾಗುತ್ತದೆ. ಇವರದು ಬೆಳಗ್ಗೆಯೂ ಇಲ್ಲ. ಈ ಮಧ್ಯೆ ಚಿಕ್ಕಪ್ಪ ಸಿಮ್ ತೆಗೆದು ಅದರ ಹಿತ್ತಾಳೆ ಬಣ್ಣದ ಮುಖವನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದ್ದರಂತೆ. ಅದರಿಂದ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ.

ಶನಿವಾರ ಬೆಳಗಿನ ರೈಲಿಗೆ ಹೋದೆ, ಲ್ಯಾಪ್‌ಟಾಪ್, ಕೇಬಲ್, ಒಂದು ಪೆನ್‌ಡ್ರೈವ್ ಹಿಡಿದುಕೊಂಡು. ಹೋದ ತಕ್ಷಣ ಸೆಟ್ಟಿಂಗ್ಸ್‌ಗೆ ಕೈ ಹಾಕಲಿಲ್ಲ. ಮೊದಲು ನನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಅವರ ಫೋನನ್ನು ಅದಕ್ಕೆ ಸೇರಿಸಿದೆ. ಟಿಣ್ ಟಿಣ್ ಅಂತ ಮೂರು ದಿನದ ಮೆಸೇಜುಗಳು ಸುರಿದವು. ಚಿಕ್ಕಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡಿ ಬಂದರು.

"ಸರಿ ಆಯ್ತಾ?"

"ಇಲ್ಲ ಚಿಕ್ಕಮ್ಮ, ಇದು ನನ್ನ ನೆಟ್."

ಆದರೆ ಇಷ್ಟರಿಂದಲೇ ಒಂದು ವಿಷಯ ಖಾತ್ರಿಯಾಯಿತು. ವಾಟ್ಸ್‌ಆ್ಯಪ್ ಕೆಟ್ಟಿಲ್ಲ, ಫೋನಿನ ಹೊಟ್ಟೆಯಲ್ಲಿ ಏನೂ ಕೆಟ್ಟಿಲ್ಲ. ವೈಫೈ ಮೇಲೆ ಎಲ್ಲ ನಡೆಯುತ್ತಿದೆ ಅಂದ ಮೇಲೆ ರೋಗ ಮೊಬೈಲ್ ನೆಟ್‌ವರ್ಕಿನ ಕಡೆಯೇ ಇರಬೇಕು.

ಹಾಟ್‌ಸ್ಪಾಟ್‌ನ ಇನ್ನೊಂದು ಉಪಯೋಗ ಬ್ಯಾಕಪ್. ಮನೆಯಲ್ಲಿ ವೈಫೈ ಇಲ್ಲದವರ ಪಾಡು ಇದೇ ಅಲ್ವಾ: ನೆಟ್ ಸರಿ ಮಾಡುವ ಮುಂಚೆ ಬ್ಯಾಕಪ್ ತಗೊಳ್ಳಿ ಅಂತಾರೆ, ಬ್ಯಾಕಪ್ ತಗೊಳ್ಳೋಕೆ ನೆಟ್ ಬೇಕು. ನೋಡಿದರೆ ಚಿಕ್ಕಮ್ಮನ ಫೋಟೊ ಬ್ಯಾಕಪ್ ತಿಂಗಳುಗಟ್ಟಲೆ ಹಿಂದೆಯೇ ನಿಂತುಹೋಗಿತ್ತು. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಭರ್ತಿ. 2021ರ ಜೂನ್‌ವರೆಗೆ ಗೂಗಲ್ ಫೋಟೋಸ್‌ನಲ್ಲಿ ಫೋಟೊಗಳನ್ನು ಲೆಕ್ಕವಿಲ್ಲದೆ ಇಡಬಹುದಿತ್ತು, ಆಮೇಲೆ ಅವೂ ಈ 15 ಜಿಬಿ ಲೆಕ್ಕಕ್ಕೆ ಬಂದವು. 2024ರಿಂದ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದರಲ್ಲೇ. ಮೇಲೆ ಒಂದು ಸಣ್ಣ ಎಚ್ಚರಿಕೆ ಬರುತ್ತಾ ಇತ್ತಂತೆ, ಚಿಕ್ಕಮ್ಮ ಅದನ್ನು ಜಾಹೀರಾತು ಅಂದುಕೊಂಡು ತಳ್ಳುತ್ತಿದ್ದರು. ಅಂಗಡಿಯಲ್ಲಿ "ಬ್ಯಾಕಪ್ ಇದೆಯಾ" ಅಂತ ಕೇಳಿದಾಗ ಇವರು ಇದೆ ಅಂದಿದ್ದರು. ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಹಾಗಾಗಿ ಕೇಬಲ್ ದಾರಿ ಹಿಡಿದೆ. ಲ್ಯಾಪ್‌ಟಾಪಿಗೆ ಚುಚ್ಚಿದಾಗ ಫೋನು ಬರೀ ಚಾರ್ಜ್ ಆಗುತ್ತದೆ. ಮೇಲಿನಿಂದ ಪರದೆ ಎಳೆದು ಫೈಲ್ ಟ್ರಾನ್ಸ್‌ಫರ್ ಆರಿಸಿದರೆ ಮಾತ್ರ ಒಳಗಿನ ಫೋಲ್ಡರ್‌ಗಳು ಕಾಣುತ್ತವೆ. ಕ್ಯಾಮೆರಾದ ಫೋಟೊಗಳು ಡಿಸಿಐಎಂ ಫೋಲ್ಡರಿನಲ್ಲಿ, ಅದು ಸುಲಭ. ವಾಟ್ಸ್‌ಆ್ಯಪ್ ಹುಡುಕುವುದೇ ಸ್ವಲ್ಪ ಕಷ್ಟ. ಈಗಿನ ಫೋನುಗಳಲ್ಲಿ ಅದು ಆಂಡ್ರಾಯ್ಡ್ ಅನ್ನುವ ಫೋಲ್ಡರಿನ ಒಳಗೆ, ಮೀಡಿಯಾ ಅನ್ನುವುದರ ಒಳಗೆ ಅಡಗಿ ಕೂತಿರುತ್ತದೆ. ಆ ಇಡೀ ವಾಟ್ಸ್‌ಆ್ಯಪ್ ಫೋಲ್ಡರನ್ನೇ ಎತ್ತಿಕೊಂಡೆ. ವಾಯ್ಸ್ ಮೆಸೇಜುಗಳು ಅದರಲ್ಲಿವೆ. ಚಾಟ್‌ಗಳ ಪ್ರತಿಯೂ ಡೇಟಾಬೇಸಸ್ ಅನ್ನುವ ಫೋಲ್ಡರಿನಲ್ಲಿದೆ. ನೆಟ್ ಇರಲಿ ಬಿಡಲಿ, ವಾಟ್ಸ್‌ಆ್ಯಪ್ ದಿನಾ ರಾತ್ರಿ ಎರಡು ಗಂಟೆ ಹೊತ್ತಿಗೆ ಒಂದು ಪ್ರತಿಯನ್ನು ಫೋನಿನಲ್ಲೇ ಮಾಡಿಡುತ್ತದೆ. ನಂಬರುಗಳನ್ನು ಕಾಂಟ್ಯಾಕ್ಟ್ಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ಒಂದು ಫೈಲ್ ಮಾಡಿಕೊಂಡೆ, ಯಾಕಂದರೆ ಅರ್ಧ ಸಿಮ್‌ನಲ್ಲಿ, ಅರ್ಧ ಫೋನಿನಲ್ಲಿ ಇದ್ದವು. ಎಲ್ಲ ಮುಗಿಯುವ ಹೊತ್ತಿಗೆ ಎರಡು ಲೋಟ ಕಾಫಿ ಆಗಿತ್ತು. ಇನ್ನು ಕೈ ನಡುಗಿಸದೆ ಹುಡುಕಬಹುದು.

ಸಾಮಾನ್ಯವಾಗಿ ಸಿಕ್ಕಿಬೀಳುವ ಕಳ್ಳರನ್ನು ಒಬ್ಬೊಬ್ಬರಾಗಿ ನೋಡಿದೆ. ಮೊಬೈಲ್ ಡೇಟಾ ಆನ್ ಇದೆ. ಡೇಟಾ ಲಿಮಿಟ್ ಇಟ್ಟಿದ್ದರೆ ಅದು ಮುಟ್ಟಿದ ಕೂಡಲೇ ಫೋನೇ ಡೇಟಾ ಕಡಿದುಬಿಡುತ್ತದೆ, ನನ್ನ ಮಾವನಿಗೆ ಒಮ್ಮೆ ಹೀಗೇ ಆಗಿತ್ತು. ಇಲ್ಲಿ ಲಿಮಿಟ್ ಇರಲಿಲ್ಲ. ನೆಟ್ಟನ್ನು ಬೇರೆಲ್ಲೋ ಸುತ್ತಿಸಿ ಕಳಿಸುವ ವಿಪಿಎನ್ ಆ್ಯಪ್ ಇಲ್ಲ. ನೆಟ್‌ವರ್ಕ್ ಟೈಪ್ 4ಜಿಯಲ್ಲೇ ಇದೆ. ಬ್ರೌಸರಿನಲ್ಲಿ 1.1.1.1 ಅಂತ ಬರೀ ಅಂಕಿ ಹೊಡೆದೆ. ಇದು ತೆರೆದು ಬೇರೆ ಸೈಟುಗಳು ತೆರೆಯದಿದ್ದರೆ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಕೆಟ್ಟಿದೆ ಅಂತ ಲೆಕ್ಕ. ಇದೂ ತೆರೆಯಲಿಲ್ಲ. ಅಂದರೆ ಫೋನಿನಿಂದ ಒಂದು ಹನಿಯೂ ಆಚೆ ಹೋಗುತ್ತಿಲ್ಲ. ಸಿಗ್ನಲ್ ಕಡ್ಡಿಗಳು ನಾಲ್ಕೂ ತುಂಬಿವೆ, ಪಕ್ಕದಲ್ಲಿ 4ಜಿ ಅನ್ನುವ ಅಕ್ಷರ ಮಾತ್ರ ಇಲ್ಲ.

ಆಮೇಲೆ ಸಿಮ್ ಅದಲು ಬದಲು. ಇದನ್ನು ನಾನು ಮೊದಲೇ ಮಾಡಬೇಕಿತ್ತು. ಎರಡೂ ಫೋನ್ ಆಫ್ ಮಾಡಿದೆ. ಟ್ರೇ ತೆಗೆಯುವ ಕಡ್ಡಿ ಯಾರ ಮನೆಯಲ್ಲೂ ಸಿಗಲ್ಲ, ಆದರೆ ಇದು ಟೈಲರ್ ಮನೆ, ಗುಂಡುಪಿನ್ನಿಗೆ ಬರವೇ? ಒಂದು ಎಚ್ಚರ: ಪಿನ್ನು ಹಾಕಬೇಕಾದ್ದು ಟ್ರೇ ಮೇಲಿರುವ ತೂತಿಗೆ. ಚಾರ್ಜರ್ ಪಕ್ಕ ಒಂಟಿಯಾಗಿರುವ ತೂತು ಮೈಕಿನದು. ಅಲ್ಲಿ ಚುಚ್ಚಿದರೆ ಇನ್ನೊಂದು ರಿಪೇರಿ ಶುರು.

ಅವರ ಸಿಮ್ ನನ್ನ ಫೋನಿಗೆ ಹಾಕಿದೆ. ನೆಟ್ ಬಂತು. ಸರಿ, ಸಿಮ್ ಚೆನ್ನಾಗಿದೆ, ಪ್ಯಾಕ್ ಚೆನ್ನಾಗಿದೆ, ಕಂಪನಿಯ ತಪ್ಪಿಲ್ಲ. ಹಾಗಾದರೆ ಫೋನಿನದೇ ದೋಷ ಅಂದುಕೊಂಡು ನನ್ನ ಸಿಮ್ ಅವರ ಫೋನಿಗೆ ಹಾಕಿದೆ. ಅಲ್ಲೂ ನೆಟ್ ಬಂತು!

ಹುಡುಗ ಒಳ್ಳೆಯವನು, ಹುಡುಗಿ ಒಳ್ಳೆಯವಳು, ಇಬ್ಬರಿಗೂ ಮಾತ್ರ ಆಗಿಬರಲ್ಲ. ಚಿಕ್ಕಪ್ಪ "ಜಾತಕ ತೋರಿಸಬೇಕೇನೋ" ಅಂದರು. ನಾನು ಎರಡು ನಿಮಿಷ ಸುಮ್ಮನೆ ಕೂತೆ. ನನ್ನ ಸಿಮ್ ಬೇರೆ ಕಂಪನಿಯದು. ಫೋನಿನಲ್ಲಿ ಕಂಪನಿಗೊಂದರಂತೆ ಬೇರೆ ಬೇರೆಯಾಗಿ ಇಟ್ಟುಕೊಂಡಿರುವ ಸೆಟ್ಟಿಂಗ್ ಯಾವುದು? ಎಪಿಎನ್.

ಎಪಿಎನ್ ಅಂದರೆ ಆಕ್ಸೆಸ್ ಪಾಯಿಂಟ್ ನೇಮ್. ಟವರ್ ಸಿಕ್ಕಿದ ಮೇಲೆ ಇಂಟರ್ನೆಟ್ಟಿಗೆ ಯಾವ ಬಾಗಿಲಿನಿಂದ ಬಿಡಬೇಕು ಅಂತ ಕಂಪನಿಗೆ ಹೇಳುವ ಹೆಸರು ಅದು. ಜಿಯೊಗೆ ಜಿಯೊನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಹೆಸರು ತಪ್ಪಿದರೆ, ಬಸ್ ಹತ್ತಿ ಕಂಡಕ್ಟರಿಗೆ ಆ ರೂಟಿನಲ್ಲೇ ಇಲ್ಲದ ಊರಿನ ಹೆಸರು ಹೇಳಿದ ಹಾಗೆ. ಬಸ್ಸಿದೆ, ಸೀಟಿದೆ, ಟಿಕೆಟ್ ಕೊಡಲ್ಲ. ಕಾಲ್‌ಗಳು ಈ ಬಾಗಿಲಿಗೆ ಕಾಯುವುದಿಲ್ಲ, ಅವುಗಳ ದಾರಿ ಬೇರೆ. ಅದಕ್ಕೇ ಚಿಕ್ಕಮ್ಮನ ಕಾಲ್ ಬರುತ್ತಿತ್ತು, ನೆಟ್ ಇರಲಿಲ್ಲ.

ಸಿಮ್‌ಗಳನ್ನು ಮತ್ತೆ ಅವುಗಳ ಜಾಗಕ್ಕೆ ಹಾಕಿದೆ. ಸೆಟ್ಟಿಂಗ್ಸ್, ಮೊಬೈಲ್ ನೆಟ್‌ವರ್ಕ್, ಆಕ್ಸೆಸ್ ಪಾಯಿಂಟ್ ನೇಮ್ಸ್. ಒಳಗೆ ಎರಡು ಹೆಸರಿದ್ದವು. ಒಂದು ಕಂಪನಿಯದು. ಇನ್ನೊಂದರ ಹೆಸರು "ಸೂಪರ್ 5ಜಿ ಸ್ಪೀಡ್". ನೀಲಿ ಚುಕ್ಕಿ ಇದ್ದದ್ದು ಇದರ ಮುಂದೆ. ಒತ್ತಿ ನೋಡಿದರೆ ಎಪಿಎನ್ ಅನ್ನುವ ಸಾಲಿನಲ್ಲಿ ಬೇರೆ ಯಾವುದೋ ಕಂಪನಿಯ ಹೆಸರು.

ಚಿಕ್ಕಮ್ಮನ ಮಗ ಅಷ್ಟು ಹೊತ್ತಿಗೆ ಬಾಗಿಲ ಹತ್ತಿರ ಹೋಗಿದ್ದ.

"ಏನೋ ಇದು?"

"ಅಕ್ಕಾ, ಒಂದು ವಿಡಿಯೊದಲ್ಲಿ ತೋರಿಸಿದ್ರು. ಹೀಗೆ ಹಾಕಿದ್ರೆ ಸ್ಪೀಡ್ ಡಬಲ್ ಆಗುತ್ತೆ ಅಂತ. ಅಮ್ಮನ ಫೋನಲ್ಲಿ ಟ್ರೈ ಮಾಡ್ದೆ."

"ನಿನ್ನ ಫೋನಲ್ಲಿ ಯಾಕೆ ಮಾಡ್ಲಿಲ್ಲ?"

ಅದಕ್ಕೆ ಉತ್ತರ ಬರಲಿಲ್ಲ. ಪಾಪ, ಪಿಯುಸಿ ಹುಡುಗ. ಮೂರು ದಿನದಿಂದ ಹೇಳಲೂ ಆಗದೆ, ಬಿಡಲೂ ಆಗದೆ ಒದ್ದಾಡಿದ್ದಾನೆ. ಎಪಿಎನ್ ಬದಲಿಸಿದರೆ ಸ್ಪೀಡ್ ಹೆಚ್ಚುತ್ತೆ ಅನ್ನುವ ವಿಡಿಯೊಗಳು ರಾಶಿ ಬಿದ್ದಿವೆ. ನಿಮ್ಮ ಪ್ಯಾಕ್‌ಗೆ, ನಿಮ್ಮ ಟವರಿಗೆ ಎಷ್ಟು ಸ್ಪೀಡ್ ಇದೆಯೋ ಅಷ್ಟೇ. ಬಾಗಿಲಿಗೆ ಹೊಸ ಹೆಸರು ಬರೆದರೆ ಬಾಗಿಲು ಅಗಲ ಆಗಲ್ಲ.

ಮೇಲಿನ ಮೂರು ಚುಕ್ಕಿ ಒತ್ತಿ "ರೀಸೆಟ್ ಟು ಡಿಫಾಲ್ಟ್" ಕೊಟ್ಟೆ. ರೀಸೆಟ್ ಅನ್ನುವ ಪದ ಕೇಳಿ ಚಿಕ್ಕಮ್ಮ ನನ್ನ ಕೈ ಹಿಡಿದರು. ಇದು ಆ ರೀಸೆಟ್ ಅಲ್ಲ ಅಂದೆ. ಇಲ್ಲಿ ಅಳಿಯುವುದು ಕೈಯಾರೆ ಸೇರಿಸಿದ ಎಪಿಎನ್ ಮಾತ್ರ. ಫ್ಲೈಟ್ ಮೋಡ್ ಹಾಕಿ ತೆಗೆದೆ. ಕಡ್ಡಿಗಳ ಪಕ್ಕ 4ಜಿ ಮೂಡಿತು.

ಅಂಗಡಿಯವನು ಹೇಳಿದ್ದು ಸುಳ್ಳಲ್ಲ ಅನ್ನುವುದನ್ನೂ ಹೇಳಬೇಕು. ಫೋನ್ ಪೂರ್ತಿ ಅಳಿಸಿದ್ದರೂ ಈ ಎಪಿಎನ್ ಹೋಗಿ ನೆಟ್ ಬರುತ್ತಿತ್ತು. ಜೊತೆಗೆ ಅಳತೆಗಳೂ ಹೋಗುತ್ತಿದ್ದವು. ಹಬ್ಬದ ವಾರದಲ್ಲಿ ಯುಪಿಐ, ಬ್ಯಾಂಕಿನ ಆ್ಯಪ್ ಎಲ್ಲವನ್ನೂ ಮೊದಲಿನಿಂದ ಹಾಕಿಕೊಂಡು ಕೂರಬೇಕಿತ್ತು.

ಎಪಿಎನ್‌ನಿಂದ ಆಗದಿದ್ದರೆ ನಾನು ಮುಂದೆ ಹೋಗುತ್ತಿದ್ದದ್ದು ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್‌ಗೆ. ಆಂಡ್ರಾಯ್ಡ್‌ನಲ್ಲಿ ಸಿಸ್ಟಮ್ ಅಥವಾ ಜನರಲ್ ಮ್ಯಾನೇಜ್‌ಮೆಂಟ್ ಒಳಗಿನ ರೀಸೆಟ್‌ನಲ್ಲಿದೆ. ಐಫೋನಿನಲ್ಲಿ ಜನರಲ್, ಟ್ರಾನ್ಸ್‌ಫರ್ ಆರ್ ರೀಸೆಟ್, ಅದರಲ್ಲಿ ರೀಸೆಟ್, ಆಮೇಲೆ ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್. ಫೋಟೊ, ಚಾಟ್, ನಂಬರು ಯಾವುದನ್ನೂ ಇದು ಮುಟ್ಟಲ್ಲ. ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಬ್ಲೂಟೂತ್ ಜೋಡಿಗಳೂ ಬಿಟ್ಟುಹೋಗಬಹುದು. ಹಿಂದೊಮ್ಮೆ ನನ್ನ ಫೋನಿಗೆ ಇದನ್ನು ಮಾಡಿ ಆಫೀಸಿನ ವೈಫೈ ಪಾಸ್‌ವರ್ಡ್ ಕೇಳುತ್ತಾ ಓಡಾಡಿದ್ದೆ. ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್, ಇದ್ದವರು ಇನ್ನೂ ಹುಷಾರಾಗಿರಬೇಕು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಇ-ಸಿಮ್ ಅಳಿಸಬೇಕಾ ಅನ್ನುವ ಚೌಕ ಅಲ್ಲೇ ಇರುತ್ತದೆ, ಅದಕ್ಕೆ ಟಿಕ್ ಹಾಕಬೇಡಿ. ಇದೇ ಪರದೆಯ ಕೆಳಗೆ "ಇರೇಸ್ ಆಲ್ ಡೇಟಾ" ಇರುತ್ತದೆ. ಅವಸರದಲ್ಲಿ ಬೆರಳು ಅಲ್ಲಿಗೆ ಹೋಗಬಾರದು.

ಸಿಮ್ಮೇ ಕೆಟ್ಟಿದ್ದರೆ ಹೊಸ ಸಿಮ್ ತಗೊಳ್ಳಬೇಕು. ಅದರಿಂದ ಫೋನಿನ ಒಳಗಿನದ್ದಕ್ಕೆ ಏನೂ ಆಗಲ್ಲ. ಆದರೆ ಸಿಮ್‌ನಲ್ಲೇ ಉಳಿಸಿದ ನಂಬರುಗಳು ಹಳೆಯದರ ಜೊತೆ ಹೋಗುತ್ತವೆ. ಹೊಸ ಸಿಮ್ ಚಾಲೂ ಆದ ಮೊದಲ 24 ಗಂಟೆ ಎಸ್‌ಎಂಎಸ್ ಬರಲ್ಲ, ಅಂದರೆ ಒಟಿಪಿಯೂ ಇಲ್ಲ. ಗ್ಯಾಸ್ ಬುಕಿಂಗ್, ಹಣ ಕಳಿಸುವುದು ಇದ್ದರೆ ಮೊದಲೇ ಮುಗಿಸಿಕೊಳ್ಳಿ.

ಸಂಜೆ ಕೂತು 15 ಜಿಬಿಯನ್ನು ತಿಂದವರು ಯಾರು ಅಂತ ನೋಡಿದೆವು. ಬಹುಪಾಲು ಶುಭೋದಯದ ಚಿತ್ರಗಳು, ದೇವರ ವಿಡಿಯೊಗಳು. "ದೇವರದ್ದನ್ನ ಹೇಗೆ ಅಳಿಸೋದೇ?" ಅಂತ ಚಿಕ್ಕಮ್ಮ ಹಿಂದೇಟು ಹಾಕಿದರು. ಕೊನೆಗೆ ಶುಭೋದಯ ಹೋಯಿತು, ದೇವರು ಉಳಿದ. ಸಿಕ್ಕ ಜಾಗದಲ್ಲಿ ಬ್ಯಾಕಪ್ ಶುರು ಮಾಡಿದೆ. ರಾತ್ರಿ ಹತ್ತರ ಹೊತ್ತಿಗೆ ಅವರ ದಿನದ ಒಂದೂವರೆ ಜಿಬಿ ಮುಗಿಯಿತು, ಆಮೇಲೆ ನನ್ನ ಹಾಟ್‌ಸ್ಪಾಟಿನದೂ ಮುಗಿಯಿತು. ಮಗನ ಫೋನಿನಲ್ಲಿ ಇನ್ನೂ ಉಳಿದಿತ್ತು. ಅವನು ಏನೂ ಮಾತಾಡದೆ ಹಾಟ್‌ಸ್ಪಾಟ್ ಆನ್ ಮಾಡಿ ಹೊಲಿಗೆ ಮಷೀನಿನ ಮೇಲೆ ಇಟ್ಟ.