ಎಚ್‌ಒ ಕಿಟ್‌ನಿಂದ ಓ ಗೇಜ್‌ಗೆ: ನಾನು ಕಟ್ಟಿದ ಬಾಕ್ಸ್‌ಎನ್ ಡಬ್ಬಿ

ಹೊಸಪೇಟೆಯಲ್ಲಿ ಬೆಳೆದ ನನಗೆ ಗೂಡ್ಸ್ ಗಾಡಿ ಅಂದರೆ ಅದಿರಿನ ಗಾಡಿಯೇ. ರೈಲ್ವೆ ಗೇಟು ಹಾಕಿದಾಗ ಅಪ್ಪನ ಸೈಕಲ್ಲಿನ ಬಾರ್ ಮೇಲೆ ಕೂತು ಡಬ್ಬಿ ಎಣಿಸುತ್ತಿದ್ದೆ. 58 ಬಂದರೆ ಎಣಿಕೆ ತಪ್ಪಿಲ್ಲ ಎಂದರ್ಥ. ಅವೇ ಬಾಕ್ಸ್‌ಎನ್ ಎಂಬ, ಮೇಲ್ಭಾಗ ತೆರೆದ ವ್ಯಾಗನ್‌ಗಳು. ಬೆಂಗಳೂರಿಗೆ ಬಂದ ಮೇಲೆ ಹತ್ತು ವರ್ಷ ಅವುಗಳ ಪುಟ್ಟ ಮಾದರಿಗಳನ್ನೇ ಎಚ್‌ಒ ಅಳತೆಯಲ್ಲಿ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲಿನಷ್ಟು (1:87), ಕಿಟ್ ತರಿಸಿ ಕಟ್ಟಿದೆ. ಕಳೆದ ವರ್ಷ ದೊಡ್ಡದನ್ನು ಕಟ್ಟುವ ಆಸೆಯಾಯಿತು. ಎಚ್‌ಒಗಿಂತ ಸುಮಾರು ಎರಡು ಪಟ್ಟು ದೊಡ್ಡದಾದ ಓ ಗೇಜ್ ಅಳತೆಯಲ್ಲಿ ಬಾಕ್ಸ್‌ಎನ್ ಕಿಟ್ ನನಗೆಲ್ಲೂ ಸಿಗಲಿಲ್ಲ. ಕೈಯಲ್ಲಿದ್ದ ಎಚ್‌ಒ ಕಿಟ್ಟನ್ನೇ ಹಿಗ್ಗಿಸೋಣ ಎಂದುಕೊಂಡೆ.

ಓ ಗೇಜ್ ಎಂಬ ಒಂದೇ ಹೆಸರಿನಲ್ಲಿ ಮೂರು ಅಳತೆಗಳಿವೆ. ಅಮೆರಿಕದವರು 1:48, ಯೂರೋಪಿನ ಹಲವೆಡೆ 1:45, ಬ್ರಿಟನ್ನಿನವರು 1:43.5. ನಾನು ಬ್ರಿಟನ್ನಿನದನ್ನು ಹಿಡಿದೆ. 87ಕ್ಕೆ 43.5 ಸರಿಯಾಗಿ ಅರ್ಧ, ಲೆಕ್ಕ ಸಲೀಸು. ಕಿಟ್‌ನ ತುಂಡುಗಳನ್ನು ಸ್ಕ್ಯಾನ್ ಮಾಡಿ, ಎರಡು ಪಟ್ಟು ಪ್ರಿಂಟ್ ತೆಗೆದು, ಸ್ಟೈರೀನ್ ಎಂಬ ಪ್ಲಾಸ್ಟಿಕ್ ಶೀಟಿನ ಮೇಲೆ ಅಂಟಿಸಿ ಕತ್ತರಿಸಿದೆ. ಎರಡು ವಾರದ ಕೆಲಸ. ಕಟ್ಟಿ ಮುಗಿಸಿ ಮೇಜಿನ ಮೇಲಿಟ್ಟರೆ, ನನ್ನೆದುರಿಗಿದ್ದದ್ದು ಬಾಕ್ಸ್‌ಎನ್ ಅಲ್ಲ, ದಪ್ಪ ಗೋಡೆಯ ಒಂದು ಪೆಟ್ಟಿಗೆ.

ಕಾರಣ ಹುಡುಕಿದಾಗ ತಿಳಿಯಿತು. ಚಿಕ್ಕ ಅಳತೆಯಲ್ಲಿ ಕಣ್ಣು ಕ್ಷಮಿಸುವ ರಾಜಿಗಳೆಲ್ಲ ಕಿಟ್‌ನಲ್ಲಿ ಅಡಗಿದ್ದವು, ನಾನು ಅವನ್ನೂ ಎರಡು ಪಟ್ಟು ಮಾಡಿದ್ದೆ. ಕಿಟ್‌ನ ಗೋಡೆ 1.2 ಮಿ.ಮೀ. ದಪ್ಪ, ನನ್ನದು 2.4. ನಿಜವಾದ ಗಾಡಿಯ ಲೆಕ್ಕದಲ್ಲಿ ಅದು 10 ಸೆಂ.ಮೀ. ದಪ್ಪದ ಉಕ್ಕಿನ ಗೋಡೆ! ಆ ಡಬ್ಬಿಯನ್ನು ಬದಿಗಿಟ್ಟೆ. ಕಿಟ್ಟನ್ನು ಮರೆತು ನಿಜವಾದ ವ್ಯಾಗನ್ನಿನ ಅಳತೆಗಳಿಂದ ಶುರು ಮಾಡಿದೆ. ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲರ್‌ನಿಂದ ಕಪ್ಲರ್‌ಗೆ 10,713 ಮಿ.ಮೀ., ಮಾದರಿಯಲ್ಲಿ 246. ಹೆಡ್‌ಸ್ಟಾಕ್‌ನಿಂದ (ಚೌಕಟ್ಟಿನ ತುದಿಯ ಅಡ್ಡ ತೊಲೆ) ಹೆಡ್‌ಸ್ಟಾಕ್‌ಗೆ 9,784, ಅಂದರೆ 225. ಅಗಲ 3,200, ಅಂದರೆ 73.5. ಡಬ್ಬಿಯ ಅಡಿಯಲ್ಲಿ ನಾಲ್ಕು ನಾಲ್ಕು ಚಕ್ರ ಹೊತ್ತ ಚೌಕಟ್ಟುಗಳಾದ ಎರಡು ಬೋಗಿಗಳ ನಡುಬಿಂದುಗಳ ಅಂತರ 6,524, ಅಂದರೆ 150.

ಅದಿರಿನ ಗಾಡಿಗೆ ಗೋಡೆ ತೆಳ್ಳಗಿರುವುದು ಬಹಳ ಮುಖ್ಯ. ಕಲ್ಲಿದ್ದಲಾದರೆ ಡಬ್ಬಿ ತುಂಬಿರುತ್ತದೆ, ಒಳಗಿನದು ಕಾಣುವುದಿಲ್ಲ. ಅದಿರು ಭಾರ, ಅರ್ಧ ಡಬ್ಬಿ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಹಾಗಾಗಿ ಗೋಡೆಯ ಒಳಮುಖ, ಮೇಲಂಚು ಎಲ್ಲ ಬಯಲಿಗೆ ಬೀಳುತ್ತವೆ. 0.5 ಮಿ.ಮೀ. ಶೀಟ್ ತೆಗೆದುಕೊಂಡೆ. ಹೊರಗಿನ ನಿಲುಗಂಬಗಳನ್ನು ಸ್ಟ್ರಿಪ್‌ನಿಂದ ಅಂಟಿಸುತ್ತಿದ್ದಂತೆ ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ಸಾಲ್ವೆಂಟ್ ಹೀರಿದ ಶೀಟು ಮರುದಿನಕ್ಕೆ ಹಪ್ಪಳದ ಹಾಗೆ ಬಾಗಿತು. ಎರಡನೇ ಸಲ ಮೊದಲು ಮೇಲಂಚಿಗೆ 2 ಮಿ.ಮೀ. ಹಿತ್ತಾಳೆ ಆಂಗಲ್ ಕೂರಿಸಿ, ಗೋಡೆಯನ್ನು ಗಾಜಿನ ಮೇಲೆ ಟೇಪಿನಿಂದ ಬಿಗಿದು, ಕಂಬಗಳನ್ನು ಒಂದು ತುದಿಯಿಂದ ಸಾಲಾಗಿ ಅಲ್ಲದೆ ಒಂದು ಈ ತುದಿಯಲ್ಲಿ, ಒಂದು ಆ ತುದಿಯಲ್ಲಿ ಅಂಟಿಸುತ್ತ ಬಂದೆ. ಸಾಲ್ವೆಂಟನ್ನು ಕುಂಚದ ತುದಿಯಲ್ಲಿ ಒಂದೇ ಹನಿ ಮುಟ್ಟಿಸಬೇಕು. ಎರಡು ದಿನ ಗಾಜಿನ ಮೇಲೆಯೇ ಬಿಟ್ಟೆ. ಗೋಡೆ ನೆಟ್ಟಗೆ ನಿಂತಿತು.

ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ನನ್ನನ್ನು ಹೆಚ್ಚು ಕಾಡಿತು. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಎಚ್‌ಒದಲ್ಲಿ ಅದು 19.3 ಆಗಬೇಕು, ಆದರೆ ನಾವೆಲ್ಲ 16.5ರ ಹಳಿಯಲ್ಲೇ ಓಡಿಸುತ್ತೇವೆ. ಆ ಕೊರತೆ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಓ ಗೇಜ್‌ನಲ್ಲಿ 38.5 ಬೇಕಾದ ಕಡೆ ಹಳಿ 32. ಆರೂವರೆ ಮಿ.ಮೀ. ಕಡಿಮೆಯಾದಾಗ ಅಗಲವಾದ ಡಬ್ಬಿ ಮೀಟರ್ ಗೇಜ್ ಹಳಿ ಮೇಲೆ ನಿಂತಂತೆ ಕಂಡಿತು. ನಾನು 38.5ಕ್ಕೇ ಹೋದೆ. ನಿಜವಾದ ಚಕ್ರದ ವ್ಯಾಸ 1,000 ಮಿ.ಮೀ., ಮಾದರಿಗೆ 23. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಎಂಟು ಚಕ್ರ, ನಾಲ್ಕು ಆಕ್ಸಲ್ ಮಾಡಿಸಿದೆ. ಚಕ್ರಗಳ ಒಳಮೈಗಳ ನಡುವೆ 35.5 ಮಿ.ಮೀ. ಇರಲೇಬೇಕು ಎಂದಾಗ ಮೇಸ್ತ್ರಿ, "ಸಾರ್, ಆಟದ ಸಾಮಾನಿಗೆ ಇಷ್ಟು ಕರೆಕ್ಟಾಗಿ ಬೇಕಾ?" ಎಂದು ಕೇಳಿದರು. ಆಮೇಲೆ ತಾವೇ ಅಷ್ಟು ಅಗಲದ ಒಂದು ಗೇಜ್ ಪಟ್ಟಿ ಕಡಿದು ಕೊಟ್ಟರು. ಇಂದಿಗೂ ಅದೇ ನನ್ನ ಅಳತೆಗೋಲು. ಇದರ ಬೆಲೆ ಎಂದರೆ ರೆಡಿಮೇಡ್ ಹಳಿ ಸಿಗುವುದಿಲ್ಲ, ಸ್ಲೀಪರ್ ಕತ್ತರಿಸಿ ಹಳಿಯನ್ನು ಕೈಯಿಂದಲೇ ಹಾಕಿಕೊಳ್ಳಬೇಕು.

ಕೈಯಿಂದ ಹಾಕಿದ ಹಳಿ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಕಿಟ್‌ನ ಹಾಗೆ ಗಟ್ಟಿಯಾಗಿ ಅಂಟಿಸಿದ ಬೋಗಿ, ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗಲೆಲ್ಲ ಒಂದು ಚಕ್ರ ಎತ್ತಿ ಹಳಿ ತಪ್ಪುತ್ತಿತ್ತು. ಪರಿಹಾರ ನಿಜವಾದ ಗಾಡಿಯಲ್ಲೇ ಇತ್ತು. ಬಾಕ್ಸ್‌ಎನ್‌ನ ಕ್ಯಾಸ್ನಬ್ ಬೋಗಿ ಮೂರು ತುಂಡಿನದು: ಎರಡು ಸೈಡ್ ಫ್ರೇಮ್, ನಡುವೆ ಬೋಲ್ಸ್ಟರ್ ಎಂಬ ಒಂದು ಅಡ್ಡ ತೊಲೆ, ಅದರ ಕೆಳಗೆ ಸ್ಪ್ರಿಂಗ್ ಗೊಂಚಲು. ಎರಡೂ ಬದಿ ಬೇರೆ ಬೇರೆಯಾಗಿ ವಾಲುತ್ತವೆ, ಆದ್ದರಿಂದ ನಾಲ್ಕೂ ಚಕ್ರ ಹಳಿ ಬಿಡುವುದಿಲ್ಲ. ಎಚ್‌ಒದಲ್ಲಿ ಸ್ಪ್ರಿಂಗ್ ಬರೀ ಉಬ್ಬುಚಿತ್ರ. ಇಲ್ಲಿ ನಿಜವಾದದ್ದನ್ನೇ ಇಡಬಹುದು. 2 ಮಿ.ಮೀ. ಡ್ರಿಲ್ ಬಿಟ್‌ಗೆ ತೆಳು ಸ್ಟೀಲ್ ತಂತಿ ಸುತ್ತಿ ಒಂದು ಬದಿಗೆ ಮೂರರಂತೆ ಸ್ಪ್ರಿಂಗ್ ಮಾಡಿದೆ. ಮೊದಲು ತಾಮ್ರದ ತಂತಿ ಸುತ್ತಿದ್ದೆ. ಒತ್ತಿದರೆ ಒತ್ತಿದಂತೆಯೇ ಉಳಿಯುತ್ತಿತ್ತು.

ತೂಕವೂ ನನ್ನ ಊಹೆಯಂತೆ ಇರಲಿಲ್ಲ. ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟು ಎಂದು ಲೆಕ್ಕ ಹಾಕಿದ್ದೆ. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ನಿನ ಶಿಫಾರಸು ಬೇರೆ: ಎಚ್‌ಒಗೆ 1 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್, ಓ ಗೇಜ್‌ಗೆ 5 ಔನ್ಸ್, ಪ್ರತಿ ಇಂಚಿಗೆ 1. ಚಿಕ್ಕ ಡಬ್ಬಿಗೆ ಸುಮಾರು 97 ಗ್ರಾಂ, ದೊಡ್ಡದಕ್ಕೆ ಸುಮಾರು 417. ಕೊರತೆಯನ್ನು ಅದಿರಿನಿಂದಲೇ ತುಂಬಿದೆ. ಊರಿನಿಂದ ತಂದ ಅದಿರಿನ ಪುಡಿಯನ್ನು ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕೂರಿಸಿದೆ.

ಕೊನೆಯಲ್ಲಿ ನಂಬರ್. ಎಚ್‌ಒದಲ್ಲಿ ವ್ಯಾಗನ್ ನಂಬರನ್ನು ಭೂತಗನ್ನಡಿಯಿಲ್ಲದೆ ಓದಲಾಗದು, ಮನಸ್ಸಿಗೆ ಬಂದದ್ದನ್ನು ಬರೆಯುತ್ತಿದ್ದೆ. ಇಲ್ಲಿ ಕೈ ದೂರದಿಂದಲೇ ಓದಬಹುದು. ಅದರಲ್ಲಿರುವುದು 11 ಅಂಕಿ: ವ್ಯಾಗನ್ನಿನ ಬಗೆ, ಒಡೆತನದ ರೈಲ್ವೆ, ತಯಾರಾದ ವರ್ಷ, ಬಿಡಿ ಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಮೊದಲ ಹತ್ತರಲ್ಲಿ ಸಮಸ್ಥಾನದವುಗಳ ಮೊತ್ತವನ್ನು 3ರಿಂದ ಗುಣಿಸಿ, ಬೆಸಸ್ಥಾನದವುಗಳನ್ನು ಕೂಡಿಸಬೇಕು. ಮುಂದಿನ ಹತ್ತರ ಗುಣಕ ಮುಟ್ಟಲು ಎಷ್ಟು ಬೇಕೋ ಅದೇ ಹನ್ನೊಂದನೆಯ ಅಂಕಿ. ಅಂಕಿಗಳ ಡಿಕಾಲ್ (ಅಂಟುಚಿತ್ರ) ಹಚ್ಚಿ, ಮ್ಯಾಟ್ ವಾರ್ನಿಶ್ ಹೊಡೆದ ಮೇಲೆ ಲೆಕ್ಕ ಹಾಕಿದೆ. ತಾಳೆ ಬೀಳಲಿಲ್ಲ. ಎರಡೂ ಬದಿಯ ಕೊನೆಯ ಅಂಕಿಯನ್ನು ಬ್ಲೇಡಿನಿಂದ ಕೆರೆದು, ಆ ಜಾಗಕ್ಕೆ ರೆಡ್ ಆಕ್ಸೈಡ್ ತೇಪೆ ಹಚ್ಚಿ, ಹೊಸ ಅಂಕಿ ಕೂರಿಸಲು ಒಂದು ಭಾನುವಾರ ಪೂರ್ತಿ ಹೋಯಿತು.

ಈಗ ಮೂರು ಡಬ್ಬಿ ಓಡುತ್ತಿವೆ. ನಾಲ್ಕನೆಯದರ ಗೋಡೆಗಳು ಗಾಜಿನ ಮೇಲೆ ಒಣಗುತ್ತಿವೆ.